ಯಾರು ಯಾರಿಗೆ ಹೇಳಿದ ಗಾದೆ?



ಪುಣೆಯಿಂದ ನಾಸಿಕದ ಕಡೆ ಹೊರಟರೆ ಹೆದ್ದಾರಿಯ ಮೇಲೆ ಭೋಸರಿ ಸಿಗುತ್ತದೆ. ಎಂ.ಐ.ಡಿ.ಸಿ. ಎಂದು ಎಲ್ಲರೂ ಕರೆಯುವ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ 1962ರಲ್ಲಿ ಹುಟ್ಟಿದ ಮೇಲೆ ಈ ಸೀಮೆಯ ಹೊಲಗಳಲ್ಲಿ ಶೆಡ್ಡುಗಳು ಎದ್ದವು. ಈಗ ಜೆ ಬ್ಲಾಕ್, ಎಸ್ ಬ್ಲಾಕ್, ಟಿ ಬ್ಲಾಕ್ ಎಂದರೇನೇ ರಿಕ್ಷಾದವರಿಗೆ ದಾರಿ ತಿಳಿಯುವುದು. ಲೇಥು, ಪ್ರೆಸ್ಸು, ವೆಲ್ಡಿಂಗು, ಫೋರ್ಜಿಂಗು, ಮೂರು ಪಾಳಿ. ಆ ಪಾಳಿಗಳಲ್ಲಿ ದುಡಿಯುವವರ ನಡುವೆ ವಿಜಯಪುರ, ಕಲಬುರಗಿ, ಬೀದರ, ಜತ್ತ, ಅಕ್ಕಲಕೋಟೆ ಕಡೆಯಿಂದ ಬಂದ ಕನ್ನಡದವರು ಬಹಳ ಮಂದಿ ಇದ್ದಾರೆ. ಅವರ ಮಕ್ಕಳಿಗೂ, ಐ.ಟಿ.ಐ. ಮುಗಿಸಿ ಕೆಲಸಕ್ಕೆ ಸೇರಿದ ಹುಡುಗರಿಗೂ ನಾನು ಸಂಜೆಯ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕಾರ್ಖಾನೆಯಲ್ಲಿ ಹಿಂದಿ, ಕಾಗದಪತ್ರದಲ್ಲಿ ಇಂಗ್ಲಿಷ್ ಎಂದು ನಾಲ್ಕು ನುಡಿಗಳ ನಡುವೆ ಬೆಳೆಯುವ ಮಕ್ಕಳು ಇವರು.

ಇವರು ಇಂಗ್ಲಿಷ್ ಗಾದೆಗಳನ್ನು ಚೆನ್ನಾಗಿ ಬಾಯಿಪಾಠ ಮಾಡಿರುತ್ತಾರೆ. ಅರ್ಥ ಕೇಳಿದರೆ ಥಟ್ಟನೆ ಹೇಳುತ್ತಾರೆ. ಆದರೆ ಅದೇ ಗಾದೆಯನ್ನು ಎದುರಿಗೆ ನಿಂತವರು ಅಂದಾಗ ಅವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ತಾವೇ ಬಳಸಲು ಹೋದರೆ ಎದುರಿನವರ ಮುಖ ಬಿಗಿಯುತ್ತದೆ. ಗಾದೆಯ ಅರ್ಥದಲ್ಲಿ ಅರ್ಧ ಮಾತ್ರ ಪುಸ್ತಕದಲ್ಲಿದೆ, ಉಳಿದರ್ಧ ಇರುವುದು ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಅಂದರು ಎಂಬುದರಲ್ಲಿ. ಆ ಎರಡನೆಯ ಅರ್ಧವನ್ನು ನಾವು ಮಕ್ಕಳಿಗೆ ಕೊಡುತ್ತಿಲ್ಲ. ಇವತ್ತು ನಾನು ಹೇಳಬೇಕೆಂದುಕೊಂಡು ಬಂದದ್ದು ಇದನ್ನೇ.

ಕಾರ್ಖಾನೆಯ ಊರಾದ್ದರಿಂದ ಕೆಲಸಗಾರನ ಗಾದೆಯಿಂದಲೇ ಶುರು ಮಾಡುತ್ತೇನೆ. 'ಎ ಬ್ಯಾಡ್ ವರ್ಕ್‌ಮನ್ ಬ್ಲೇಮ್ಸ್ ಹಿಸ್ ಟೂಲ್ಸ್.' ಕೆಲಸ ಬಾರದವನು ಹತಾರವನ್ನು ದೂರುತ್ತಾನೆ. ನಮ್ಮಲ್ಲಿ 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎನ್ನುತ್ತೇವೆ. ಮರಾಠಿಯಲ್ಲಿ 'ನಾಚತಾ ಯೇಈನಾ ಅಂಗಣ ವಾಕಡೇ.' ಮೂರೂ ಒಂದೇ ಎಂದು ಗೈಡುಗಳಲ್ಲಿ ಅಚ್ಚಾಗಿರುತ್ತದೆ. ಈಗ ಒಂದು ಲೇಥಿನ ಮುಂದೆ ನಿಂತ ಹುಡುಗನನ್ನು ನೆನೆಯಿರಿ. ಲೋಹ ಕತ್ತರಿಸುವ ಟಿಪ್ ಸವೆದಿದೆ, ಅದರಿಂದ ಜಾಬಿನ ಸೈಜು ನಿಲ್ಲುತ್ತಿಲ್ಲ, ಮೇಲ್ಮೈ ಒರಟಾಗಿ ಬರುತ್ತಿದೆ. ಅವನು ಹೋಗಿ 'ಸಾಹೇಬ್ರ, ಟಿಪ್ ಹೋಗ್ಯಾದ, ಹೊಸಾದು ಬೇಕು' ಅನ್ನುತ್ತಾನೆ. ಸಾಹೇಬರು ಕಾಗದದಿಂದ ತಲೆ ಎತ್ತದೆ ಈ ಇಂಗ್ಲಿಷ್ ಗಾದೆ ಹೇಳುತ್ತಾರೆ. ಹುಡುಗ ಹೇಳಿದ್ದು ಸರಿ. ಸವೆದ ಟಿಪ್ಪಿನಲ್ಲಿ ಎಂಥ ಕಸುಬುದಾರನೂ ಸೈಜು ಹಿಡಿಯಲಾರ. ಆದರೂ ಅವನು ಸುಮ್ಮನೆ ಹಿಂದಿರುಗುತ್ತಾನೆ, ಏಕೆಂದರೆ ಗಾದೆಗೆ ಎದುರುತ್ತರ ಕೊಡುವುದನ್ನು ಅವನಿಗೆ ಯಾರೂ ಕಲಿಸಿಲ್ಲ. ಅರ್ಥ ಅವನಿಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದ.

ಇದೇ ಗಾದೆಯನ್ನು ಒಬ್ಬ ಹಳೆಯ ಕಸುಬುದಾರ ತನ್ನ ಓರಗೆಯವನ ಬೆನ್ನು ತಟ್ಟಿ ಅಂದರೆ ಅದು ನಗೆಮಾತು. ತನ್ನ ಬಗ್ಗೆಯೇ ಅಂದುಕೊಂಡರೆ ವಿನಯ. ಕೈಕೆಳಗಿನವನ ದೂರಿಗೆ ಉತ್ತರವಾಗಿ ಅಂದರೆ ಬಾಯಿಗೆ ಬೀಗ.

ಈ ಗಾದೆಗೂ ಒಂದು ಅಲೆದಾಟದ ಚರಿತ್ರೆ ಇದೆ. ಜಾರ್ಜ್ ಹರ್ಬರ್ಟ್ ಎಂಬ ಇಂಗ್ಲಿಷ್ ಕವಿ ಪಾದ್ರಿಯಾಗಿದ್ದರು. ಅವರು ಕೂಡಿಸಿಟ್ಟಿದ್ದ ಗಾದೆಗಳು ಅವರು ತೀರಿಕೊಂಡ ಮೇಲೆ 1640ರಲ್ಲಿ ಅಚ್ಚಾದವು. 'ಔಟ್‌ಲ್ಯಾಂಡಿಶ್ ಪ್ರಾವರ್ಬ್ಸ್' ಎಂದು ಆ ಸಂಗ್ರಹದ ಹೆಸರು, ಅಂದರೆ ಹೊರನಾಡಿನ ಗಾದೆಗಳು. ಕೆಟ್ಟ ಕೆಲಸಗಾರನಿಗೆ ಒಳ್ಳೆಯ ಹತಾರ ಎಂದೂ ಸಿಗಲಿಲ್ಲ ಎಂಬ ರೂಪದಲ್ಲಿ ಈ ಮಾತು ಅದರಲ್ಲಿದೆ. ಅದಕ್ಕೂ ಹಿಂದೆ ಹಳೆಯ ಫ್ರೆಂಚಿನಲ್ಲಿ ಇಂಥದೇ ಮಾತು ಇತ್ತು. ನಾವು ಇಂಗ್ಲಿಷರ ಸ್ವಂತದ್ದು ಎಂದುಕೊಂಡಿರುವ ಎಷ್ಟೋ ಗಾದೆಗಳು ಲ್ಯಾಟಿನ್ನು, ಫ್ರೆಂಚುಗಳಿಂದ ಬಂದು ಅಲ್ಲಿ ನೆಲೆ ನಿಂತವು. ಭೋಸರಿಯ ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳುತ್ತದೆ. ಬೇರೆ ಊರಿನಿಂದ ಬಂದು ಇಲ್ಲಿಯವರಾದವರ ಮಕ್ಕಳು ಅವರು.

ಕನ್ನಡ ಗಾದೆಗಳ ಮಾತಿನ ಕಟ್ಟನ್ನು ಒಮ್ಮೆ ಗಮನಿಸಿ. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.' 'ಕೂಸು ಹುಟ್ಟುವ ಮೊದಲೇ ಕುಲಾಯಿ ಹೊಲಿಸಿದರಂತೆ.' 'ಅಟ್ಟದ ಮೇಲಿಂದ ಬಿದ್ದವನಿಗೆ ದಡಿಗೆ ತಗೊಂಡು ಹೇರಿದರಂತೆ.' ಎಲ್ಲದರ ಕೊನೆಗೂ ಒಂದು 'ಅಂತೆ' ಇದೆ. ಯಾರೋ, ಎಲ್ಲೋ, ಯಾವಾಗಲೋ ಹಾಗೆ ಮಾಡಿದರಂತೆ. ನಮ್ಮ ಹಿರಿಯರು ನೇರವಾಗಿ 'ನೀನು ಹೀಗೆ ಮಾಡುತ್ತಿದ್ದೀಯ' ಎನ್ನಲಿಲ್ಲ. ಕಣ್ಣಿಗೆ ಕಾಣದ ಮೂರನೆಯವರೊಬ್ಬರನ್ನು ನಡುವೆ ತಂದು ನಿಲ್ಲಿಸಿ, ಅವರ ಕತೆಯನ್ನು ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾದರು. ಕೇಳಿದವನು ತಿಳಿದುಕೊಂಡರೆ ತಿದ್ದಿಕೊಳ್ಳಬಹುದು, ತಿಳಿಯದವನಂತೆ ನಕ್ಕು ಮುಂದೆಯೂ ಹೋಗಬಹುದು. ಅವನ ಮಾನಕ್ಕೆ ಕುಂದಿಲ್ಲ. ಸೊಸೆಗೆ ಹೇಳಬೇಕಾದ ಮಾತನ್ನು ಮಗಳಿಗೆ ಹೇಳುವ ಅತ್ತೆಯರ ಜಾಣತನವೇ ನಮ್ಮ ಗಾದೆಗಳ ವ್ಯಾಕರಣದಲ್ಲೂ ಇದೆ.

ಇಂಗ್ಲಿಷ್ ಗಾದೆಗಳಲ್ಲಿ ಈ 'ಅಂತೆ' ಇಲ್ಲ. ಅಲ್ಲಿನ ಗಾದೆ ನೇರ ನಿಯಮದ ಹಾಗೆ ನಿಲ್ಲುತ್ತದೆ: ಹೀಗೆ ಮಾಡಿದರೆ ಹೀಗಾಗುತ್ತದೆ, ಅಷ್ಟೆ. ಆದ್ದರಿಂದಲೇ ಇಂಗ್ಲಿಷ್ ಮಾತಾಡುವವರು ಅದನ್ನು ಮೆತ್ತಗೆ ಮಾಡಲು ಬೇರೆ ಉಪಾಯ ಇಟ್ಟುಕೊಂಡಿದ್ದಾರೆ. ಮೊದಲು 'ಆಸ್ ದೇ ಸೇ' ಎಂದು ಸೇರಿಸುತ್ತಾರೆ, ಇಲ್ಲವೇ 'ಯೂ ನೋ ವಾಟ್ ದೇ ಸೇ' ಎಂದು ಕೇಳಿ ಆಮೇಲೆ ಗಾದೆ ತರುತ್ತಾರೆ. ನಮ್ಮ 'ಅಂತೆ' ಮಾಡುವ ಕೆಲಸವನ್ನೇ ಈ ಮುನ್ನುಡಿಗಳು ಮಾಡುತ್ತವೆ, ಮಾತಿನ ಹೊಣೆಯನ್ನು ಹಿರಿಯರ ಮೇಲೆ ಹೊರಿಸುತ್ತವೆ. ನಮ್ಮ ಮಕ್ಕಳು ಗಾದೆಯನ್ನು ಕಲಿಯುತ್ತಾರೆ, ಈ ಮುನ್ನುಡಿಯನ್ನು ಕಲಿಯುವುದಿಲ್ಲ. ಹೀಗಾಗಿ ಇಪ್ಪತ್ತರ ಹುಡುಗ ಐವತ್ತರ ಮ್ಯಾನೇಜರಿಗೆ ಬರಿಗಾದೆ ಹೇಳಿದಾಗ ಅದು ಬುದ್ಧಿವಾದದಂತೆ ಕೇಳಿಸುತ್ತದೆ. ಹುಡುಗನ ಮನಸ್ಸಿನಲ್ಲಿ ಅಂಥದ್ದೇನೂ ಇರುವುದಿಲ್ಲ, ತನಗೆ ಬರುವ ಇಂಗ್ಲಿಷಿನಲ್ಲಿ ಒಳ್ಳೆಯದನ್ನು ಹೇಳಿದೆ ಎಂದುಕೊಂಡಿರುತ್ತಾನೆ.

ಗಾದೆ ಗೊತ್ತಿದ್ದು ಬಳಕೆ ಗೊತ್ತಿಲ್ಲದ ಈ ಸ್ಥಿತಿಯನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದ್ದಾರೆ. 1964ರಲ್ಲಿ ಓಜೊ ಅರೇವಾ ಮತ್ತು ಅಲನ್ ಡಂಡೆಸ್ ಎಂಬ ಇಬ್ಬರು ಪಶ್ಚಿಮ ಆಫ್ರಿಕದ ಯೊರುಬಾ ಜನರ ಗಾದೆಗಳ ಬಗ್ಗೆ ಒಂದು ಪ್ರಬಂಧ ಬರೆದರು. ಗಾದೆಗಳ ಪಟ್ಟಿ ಮಾಡಿದರೆ ಸಾಲದು, ಯಾರು ಯಾರಿಗೆ ಎಂಥ ಸಂದರ್ಭದಲ್ಲಿ ಹೇಳಬಹುದು ಎಂಬುದನ್ನೂ ಬರೆದಿಡಬೇಕು ಎಂಬುದು ಅವರ ವಾದ. ಯೊರುಬಾ ಹುಡುಗನೊಬ್ಬ ಹಿರಿಯರ ಮುಂದೆ ಗಾದೆ ಹೇಳಬೇಕಾಗಿ ಬಂದರೆ ಮೊದಲು ಅವರ ಕ್ಷಮೆ ಕೇಳುವ ಪದ್ಧತಿ ಇದೆಯೆಂದು ಅವರು ತೋರಿಸಿದರು. ಓದಿದಾಗ ನನಗೆ ನಮ್ಮ ಕಡೆಯವರು 'ನಿಮ್ಮಂಥ ದೊಡ್ಡವರ ಮುಂದ ನಾ ಏನ್ ಹೇಳೂದೈತ್ರಿ, ಆದ್ರೂ ಒಂದ್ ಮಾತು' ಎಂದು ಶುರು ಮಾಡುವುದು ಕಿವಿಯಲ್ಲಿ ಕೇಳಿಸಿತು. ಅದೇ ಪ್ರಬಂಧದಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಒಬ್ಬ ನೈಜೀರಿಯದ ವಿದ್ಯಾರ್ಥಿಯ ಪ್ರಸ್ತಾಪ ಇದೆ. ಅವನಿಗೆ ತನ್ನ ಜನರ ಗಾದೆಗಳು ಗೊತ್ತು, ಎಲ್ಲಿ ಹೇಗೆ ಹಾಕಬೇಕೆಂಬುದು ಗೊತ್ತಿಲ್ಲ. ಶಾಲೆ ಕಾಲೇಜಿನ ಓದಿನಲ್ಲಿ ಗಾದೆಗಳ ದಿನಬಳಕೆಯಿಂದ ದೂರವಾದವನು ಅವನು. ನಮ್ಮ ಭೋಸರಿಯ ಮಕ್ಕಳ ಪಾಡು ಇನ್ನೂ ಕಷ್ಟದ್ದು. ಇಂಗ್ಲಿಷ್ ಗಾದೆಯ ಬಳಕೆ ಅವರಿಗೆ ಸಿಕ್ಕಿಲ್ಲ, ಊರು ದೂರವಾಗಿ ಕನ್ನಡ ಗಾದೆಯ ಬಳಕೆಯೂ ಕೈಬಿಡುತ್ತಿದೆ.

ಇಲ್ಲಿಂದ ಆಳಂದಿ ರಸ್ತೆ ಹಿಡಿದು ವಿಶ್ರಾಂತವಾಡಿ ದಾಟಿದರೆ ಯರವಡಾದ ಡೆಕ್ಕನ್ ಕಾಲೇಜು. ಎ.ಕೆ. ರಾಮಾನುಜನ್ ಅವರು 1958ರಲ್ಲಿ ಅಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದರು. ಅದಕ್ಕೆ ಮೊದಲು ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು, ಜನರ ಬಾಯಿಂದ ಕತೆಗಳನ್ನು ಬರೆದುಕೊಳ್ಳುತ್ತಿದ್ದರು. ಗಾದೆಗಳ ಮೇಲೆ ಅವರದೊಂದು ಕನ್ನಡ ಪುಸ್ತಕವೂ ಇದೆ. ಬಹಳ ವರ್ಷಗಳ ನಂತರ, 1989ರಲ್ಲಿ, ಭಾರತೀಯರು ಯೋಚಿಸುವ ರೀತಿ ಎಂಬುದೊಂದು ಇದೆಯೇ ಎಂದು ಕೇಳುವ ಒಂದು ಪ್ರಬಂಧ ಪ್ರಕಟಿಸಿದರು. ನಮ್ಮಲ್ಲಿ ನಿಯಮಗಳು ಊರು, ಕಾಲ, ಆಳು ನೋಡಿ ಬದಲಾಗುತ್ತವೆ, ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಎಂಬ ನಿಯಮ ನಮಗೆ ಒಗ್ಗುವುದು ಕಡಿಮೆ ಎಂಬುದು ಅದರ ಮುಖ್ಯ ಎಳೆ. ಗಾದೆಯ ವಿಷಯದಲ್ಲಿ ಇದು ಭಾರತೀಯರಿಗೆ ಮಾತ್ರವಲ್ಲ, ಇಂಗ್ಲಿಷರಿಗೂ ಸಲ್ಲುತ್ತದೆ ಎಂದು ನನಗೆ ಅನ್ನಿಸುತ್ತದೆ. ನೇರ ನಿಯಮದಂತೆ ಕಾಣುವ ಇಂಗ್ಲಿಷ್ ಗಾದೆಯೂ ಬಳಕೆಯಲ್ಲಿ ಆಳು ನೋಡಿಯೇ ನಡೆಯುತ್ತದೆ.

ಸಂಗ್ರಹಕಾರರಿಗೆ ನಾವು ಋಣಿಗಳು. ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂತು. ಶಬ್ದದ ಅರ್ಥ ಕೊಟ್ಟು ಅವರು ಕೈತೊಳೆದುಕೊಳ್ಳಲಿಲ್ಲ, ಬಳಕೆಯ ಸಾಕ್ಷಿಯಾಗಿ ಗಾದೆಗಳನ್ನು ಜೋಡಿಸಿದರು. ಮ್ಯಾನ್‌ವೇರಿಂಗ್ ಎಂಬ ಪಾದ್ರಿ ಕೂಡಿಸಿದ ಮರಾಠಿ ಗಾದೆಗಳು 1899ರಲ್ಲಿ ಆಕ್ಸ್‌ಫರ್ಡಿನಿಂದ ಬಂದವು. ಈ ಕೆಲಸ ನಡೆಯದೆ ಹೋಗಿದ್ದರೆ ಎಷ್ಟೋ ಮಾತುಗಳು ಅಳಿದೇ ಹೋಗುತ್ತಿದ್ದವು. ಆದರೂ ಪುಟ ತಿರುವುವಾಗ ಆಡಿದವರ ದನಿಗಾಗಿ ಮನಸ್ಸು ಹುಡುಕುತ್ತದೆ. ಆ ಗಾದೆಯನ್ನು ಯಾವ ಅಜ್ಜಿ, ಯಾವ ಮೊಮ್ಮಗನಿಗೆ, ಏನು ನಡೆದ ಮೇಲೆ ಹೇಳಿದಳು?

ಇನ್ನು ಬಳಕೆಯ ಮಾತು. ಇಂಗ್ಲಿಷಿನವರು ಗಾದೆಯನ್ನು ಪೂರ್ತಿ ಹೇಳುವುದು ಅಪರೂಪ. 'ವೆನ್ ಇನ್ ರೋಮ್' ಎಂದು ನಿಲ್ಲಿಸುತ್ತಾರೆ. 'ದಿ ಲಾಸ್ಟ್ ಸ್ಟ್ರಾ' ಎನ್ನುತ್ತಾರೆ, ಒಂಟೆಯ ಬೆನ್ನನ್ನು ಬಿಟ್ಟುಬಿಡುತ್ತಾರೆ. 'ಅರ್ಲಿ ಬರ್ಡ್' ಎಂದರೆ ಮುಗಿಯಿತು, ಹುಳದ ಸುದ್ದಿ ಕೇಳುವವನೇ ಸೇರಿಸಿಕೊಳ್ಳಬೇಕು. ನಾವೂ ಹಾಗೆಯೇ ಅಲ್ಲವೇ? 'ದೂರದ ಬೆಟ್ಟ' ಎಂದರೆ ಸಾಕು, 'ನುಣ್ಣಗೆ' ಎಂಬುದನ್ನು ಎದುರಿನವರು ತುಂಬುತ್ತಾರೆ. ಹೀಗೆ ತುಂಬಿಕೊಳ್ಳುವುದರಲ್ಲಿ ಒಂದು ನೆಂಟಸ್ತಿಕೆ ಇದೆ, ನೀನೂ ನಮ್ಮವನೇ ಎಂಬ ಒಪ್ಪಿಗೆ ಇದೆ. ಪೂರ್ತಿ ಗಾದೆಯನ್ನು ಒಪ್ಪಿಸುವವನು ಹೊರಗಿನವನಾಗಿ ಉಳಿಯುತ್ತಾನೆ. ಆದ್ದರಿಂದ ಅರ್ಧ ಗಾದೆಯನ್ನು ಗುರುತಿಸಲು ಕಲಿಸುವುದು ಪೂರ್ತಿ ಗಾದೆ ಬರೆಸುವುದಕ್ಕಿಂತ ಮುಖ್ಯ. ವಿದೇಶಿ ಗಿರಾಕಿಯಿಂದ ಒಂದು ಇ-ಮೇಲ್ ಬರುತ್ತದೆ, ಆರ್ಡರು ಖಾತ್ರಿಯಾಗುವವರೆಗೆ ಕೋಳಿಮರಿಗಳನ್ನು ಎಣಿಸುವುದು ಬೇಡ ಎಂದು ಅದರಲ್ಲಿ ಬರೆದಿರುತ್ತದೆ. ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೋಳಿ ಎಲ್ಲಿಂದ ಬಂತೆಂದು ಹುಡುಗ ತಬ್ಬಿಬ್ಬಾಗುತ್ತಾನೆ. ಅದೇ ಹುಡುಗನಿಗೆ 'ಕೂಸು ಹುಟ್ಟುವ ಮೊದಲೇ ಕುಲಾಯಿ' ಎಂದು ನೋಡಿ, ಆರ್ಡರು ಇನ್ನೂ ಪಕ್ಕಾ ಆಗಿಲ್ಲ, ಕಚ್ಚಾ ಮಾಲು ತರಿಸಬೇಡಿ ಎಂದು ಒಂದೇ ಉಸಿರಿಗೆ ಹೇಳುತ್ತಾನೆ.

ಗಾದೆಗಳು ಒಂದಕ್ಕೊಂದು ಎದುರು ನಿಲ್ಲುವುದನ್ನು ಕಾರ್ಖಾನೆಯಲ್ಲಿ ಕಣ್ಣಾರೆ ನೋಡಬಹುದು. ಮೇಂಟೆನನ್ಸ್ ವಿಭಾಗದ ಗಾದೆ 'ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್.' ಹೊತ್ತಿಗೆ ಹಾಕಿದ ಒಂದು ಹೊಲಿಗೆ ಮುಂದಿನ ಒಂಬತ್ತನ್ನು ಉಳಿಸುತ್ತದೆ. ಥಾಮಸ್ ಫುಲ್ಲರ್ ಎಂಬ ವೈದ್ಯರು 1732ರಲ್ಲಿ ಅಚ್ಚು ಹಾಕಿಸಿದ 'ನೊಮೊಲೊಜಿಯಾ' ಎಂಬ ದೊಡ್ಡ ಸಂಗ್ರಹದಲ್ಲಿ ಇದು ಇದೆ. ಅಲ್ಲಿ 'ಉಳಿಸುತ್ತದೆ' ಎಂದಿಲ್ಲ, 'ಉಳಿಸಬಹುದು' ಎಂದಿದೆ. ಬಾಯಿಂದ ಬಾಯಿಗೆ ಹೋಗುತ್ತ ಆ 'ಬಹುದು' ಉದುರಿ ಗಾದೆ ಗಟ್ಟಿಯಾಯಿತು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು 'ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರಂತೆ.' ಬೇರಿಂಗಿಗೆ ಹೊತ್ತಿಗೆ ಸರಿಯಾಗಿ ಗ್ರೀಸು ಹಾಕಿದ್ದರೆ ಆಗುತ್ತಿತ್ತು, ಹಾಕಲಿಲ್ಲ, ಈಗ ಇಡೀ ಸ್ಪಿಂಡಲ್ ಬಿಚ್ಚಬೇಕು ಎನ್ನುವಾಗ ಈ ಮಾತು ಬರುತ್ತದೆ.

ಪ್ರೊಡಕ್ಷನ್ ವಿಭಾಗದ ಗಾದೆ ಬೇರೆ. 'ಇಫ್ ಇಟ್ ಏಂಟ್ ಬ್ರೋಕ್, ಡೋಂಟ್ ಫಿಕ್ಸ್ ಇಟ್.' ಕೆಟ್ಟಿಲ್ಲದ್ದನ್ನು ರಿಪೇರಿಗೆ ಎಳೆಯಬೇಡ. ಅಮೆರಿಕದ ಅಧ್ಯಕ್ಷ ಕಾರ್ಟರ್ ಅವರ ಬಜೆಟ್ ವಿಭಾಗದ ಮುಖ್ಯಸ್ಥರಾಗಿದ್ದ ಬರ್ಟ್ ಲ್ಯಾನ್ಸ್ 1977ರಲ್ಲಿ ಇದನ್ನು ಆಡಿದ ಮೇಲೆ ಲೋಕಕ್ಕೆಲ್ಲ ಹಬ್ಬಿತು. ಸರ್ಕಾರ ಎಲ್ಲದರಲ್ಲೂ ಕೈ ಹಾಕುವುದು ಬೇಡ ಎಂಬುದಕ್ಕೆ ಆಡಿದ ಮಾತು ಅದು. ಅಲ್ಲಿಂದ ಹೊರಟು ಶೆಡ್ಡಿನೊಳಗೆ ಬಂದು ಯಂತ್ರಕ್ಕೆ ಅಂಟಿಕೊಂಡಿತು. ತಿಂಗಳ ಕೊನೆ, ಮಾಲು ಕಳಿಸುವ ಗಡಿಬಿಡಿ, ಯಂತ್ರ ಓಡುತ್ತಿದೆ. ಮೇಂಟೆನನ್ಸಿನವರು ಎರಡು ತಾಸು ನಿಲ್ಲಿಸಿ ನೋಡುತ್ತೇವೆ ಎಂದರೆ ಪ್ರೊಡಕ್ಷನ್ನಿನವರು ಈ ಗಾದೆ ತೆಗೆಯುತ್ತಾರೆ. ಅತ್ತ ಹೊಲಿಗೆಯ ಗಾದೆ, ಇತ್ತ ಇದು. ಯಾವುದು ಸರಿ? ಮಕ್ಕಳು ಈ ಪ್ರಶ್ನೆ ಕೇಳಿದಾಗ ನನಗೆ ಸಂತೋಷವಾಗುತ್ತದೆ, ಏಕೆಂದರೆ ಉತ್ತರ ಗಾದೆಯ ಒಳಗಿಲ್ಲ, ಬೇರಿಂಗಿನ ಸದ್ದಿನಲ್ಲಿದೆ. ಸದ್ದು ಬದಲಾಗಿದ್ದರೆ ಮೊದಲನೆಯದು ಸರಿ. ಯಂತ್ರ ತಣ್ಣಗೆ ಓಡುತ್ತಿದ್ದು, ಯಾರೋ ಹೊಸಬ ಸುಮ್ಮಸುಮ್ಮನೆ ಸೆಟ್ಟಿಂಗು ತಿರುವಲು ಹೊರಟಿದ್ದರೆ ಎರಡನೆಯದು ಸರಿ. 'ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ' ಎನ್ನುವ ನಾವೇ 'ಹತ್ತು ಜನ ಸೇರಿದಲ್ಲಿ ಹಾವು ಸಾಯದು' ಎಂದೂ ಹೇಳುತ್ತೇವೆ. ಎರಡನ್ನೂ ಹೇಳಿದ ಹಿರಿಯರು ಗೊಂದಲದಲ್ಲಿ ಇರಲಿಲ್ಲ.

ಇಂಗ್ಲಿಷ್ ಗಾದೆಗಳಲ್ಲಿ ಕೆಲವು ನಮ್ಮ ಕಸುಬುದಾರರಿಗೆ ಪೇಟೆಯ ಓದಿದವರಿಗಿಂತ ಬೇಗ ತಿಳಿಯುತ್ತವೆ. 'ಸ್ಟ್ರೈಕ್ ವೈಲ್ ದಿ ಐರನ್ ಈಸ್ ಹಾಟ್' ಎಂಬುದನ್ನು ಫೋರ್ಜಿಂಗ್ ಶಾಪಿನವನಿಗೆ ವಿವರಿಸಬೇಕಾಗಿಲ್ಲ. ಕೆಂಪು ಇಳಿದು ಕಪ್ಪಾಗುತ್ತ ಬಂದ ಉಕ್ಕಿಗೆ ಪೆಟ್ಟು ಹಾಕಿದರೆ ಅದು ಬಿರಿಯುತ್ತದೆ, ಡೈಗೂ ಕೇಡು. ಜಾನ್ ಹೇವುಡ್ 1546ರಲ್ಲಿ ಇಂಗ್ಲಿಷ್ ಗಾದೆಗಳನ್ನು ಪೋಣಿಸಿ ಪುಸ್ತಕ ಮಾಡಿದಾಗಲೇ ಕಮ್ಮಾರನ ಈ ಮಾತು ಹಳೆಯದಾಗಿತ್ತು. ನಾವು ರೈತರಾದ್ದರಿಂದ 'ಗಾಳಿ ಬಂದಾಗ ತೂರಿಕೋ' ಎಂದೆವು.

'ದಿ ಪ್ರೂಫ್ ಆಫ್ ದಿ ಪುಡಿಂಗ್ ಈಸ್ ಇನ್ ದಿ ಈಟಿಂಗ್' ಎಂಬುದು ಇನ್ನೂ ಸ್ವಾರಸ್ಯದ್ದು. 'ಪ್ರೂಫ್' ಎಂದರೆ ಸಾಕ್ಷಿ, ಪುರಾವೆ ಎಂದು ಓದಿದವರಿಗೆ ಗಾದೆ ಅಡ್ಡಾದಿಡ್ಡಿಯಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಪರೀಕ್ಷೆ ಎಂಬ ಅರ್ಥ ಇತ್ತು. ಪಾಯಸದ ಪರೀಕ್ಷೆ ಉಣ್ಣುವುದರಲ್ಲಿ. ಪೇಟೆಯ ಇಂಗ್ಲಿಷಿನಲ್ಲಿ ಆ ಅರ್ಥ ಬಹುಮಟ್ಟಿಗೆ ಮರೆಯಾಗಿದೆ, ಕಾರ್ಖಾನೆಯಲ್ಲಿ ಉಳಿದಿದೆ. ಬೋಲ್ಟಿಗೆ, ಕ್ರೇನಿನ ಸರಪಳಿಗೆ 'ಪ್ರೂಫ್ ಲೋಡ್' ಹಾಕಿ ನೋಡುತ್ತಾರಲ್ಲ, ಅದು ಇದೇ ಪ್ರೂಫು. ಇದನ್ನು ಹೇಳಿದ ದಿನ ಒಬ್ಬ ಕ್ವಾಲಿಟಿ ವಿಭಾಗದ ಹುಡುಗ 'ಹಂಗಾದ್ರ ನಾ ದಿನಾ ಮಾಡೂದು ಇದ ಕೆಲ್ಸ ಅಲ್ಲೇನ್ರಿ ಸರ್' ಅಂದ. ಅವನು ಆ ಗಾದೆಯನ್ನು ಇನ್ನು ಮರೆಯುವುದಿಲ್ಲ.

ಭೋಸರಿಯಲ್ಲಿ ಗೋಡೆಯ ಮೇಲೂ ಗಾದೆಗಳಿವೆ. ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರ ಮಾರ್ಚ್ 4ರಂದು ಸ್ಥಾಪನೆಯಾಯಿತು. ಪ್ರತಿ ವರ್ಷ ಆ ದಿನದಿಂದ ಕಾರ್ಖಾನೆಗಳಲ್ಲಿ ಸುರಕ್ಷತಾ ಸಪ್ತಾಹ ನಡೆಯುತ್ತದೆ, ಘೋಷವಾಕ್ಯಗಳ ಸ್ಪರ್ಧೆ ಇರುತ್ತದೆ.  ನಾಸಿಕ ರಸ್ತೆಯಲ್ಲಿ 'ಅತಿ ಘಾಈ ಸಂಕಟಾತ ನೇಈ' ಎಂಬ ಮರಾಠಿ ಫಲಕ, ನಮ್ಮ 'ಅವಸರವೇ ಅಪಘಾತಕ್ಕೆ ಕಾರಣ' ಎಂಬುದರ ಒಡಹುಟ್ಟು. ಹತಾರಗಳ ಹಲಗೆಯ ಮೇಲೆ 'ಎ ಪ್ಲೇಸ್ ಫಾರ್ ಎವ್ರಿಥಿಂಗ್' ಎಂಬ ಸಾಲು. ಗೋಡೆಯ ಗಾದೆಯ ಬಗ್ಗೆ ನನಗೆ ಗೌರವ ಇದೆ. ಅಲ್ಲಿ ಹೇಳುವವರು ಯಾರೂ ಇಲ್ಲದ ಕಾರಣ ಯಾರ ಮಾನಕ್ಕೂ ಪೆಟ್ಟಿಲ್ಲ. ಮ್ಯಾನೇಜರಿಗೂ ಹೆಲ್ಪರಿಗೂ ಒಂದೇ ಮಾತು. ಅಂಥದೇ ಗೋಡೆಯ ಸಾಲೊಂದನ್ನು ಬೆರಳು ಕತ್ತರಿಸಿಕೊಂಡ ಹುಡುಗನ ಮುಂದೆ ನಿಂತು 'ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್ ಕ್ಯೂರ್' ಎಂದು ಆಡಿದರೆ ಅದು ಕ್ರೌರ್ಯ. ಆ ಹೊತ್ತಿಗೆ ಬೇಕಾದದ್ದು ಆಸ್ಪತ್ರೆಗೆ ಗಾಡಿ.

ಈಗೀಗ ಫೋನಿನಲ್ಲಿ ಹರಿದಾಡುವ ಒಂದು ಬಗೆಯ ಸಂದೇಶದ ಬಗ್ಗೆಯೂ ಎಚ್ಚರ ಹೇಳಬೇಕು. ಗಾದೆಯ 'ಮೂಲ ಪೂರ್ಣರೂಪ' ಎಂದು ಉದ್ದ ಬಾಲ ಸೇರಿಸಿ ಕಳಿಸುತ್ತಾರೆ. 'ಜ್ಯಾಕ್ ಆಫ್ ಆಲ್ ಟ್ರೇಡ್ಸ್, ಮಾಸ್ಟರ್ ಆಫ್ ನನ್' ಎಂಬುದಕ್ಕೆ, ಒಂದೇ ವಿದ್ಯೆ ಬಲ್ಲವನಿಗಿಂತ ಎಷ್ಟೋ ಸಲ ಇವನೇ ಮೇಲು ಎಂಬ ಅರ್ಥದ ಬಾಲ ಹಚ್ಚಿದ್ದಾರೆ. ಅದು ಇತ್ತೀಚಿನ ಸೇರ್ಪಡೆ, ಮೂಲವಲ್ಲ. ಆದರೆ ಆ ಬಾಲ ಹೇಳುವ ಸಂಗತಿ ಭೋಸರಿಯ ಸಣ್ಣ ಶೆಡ್ಡುಗಳಲ್ಲಿ ದಿನವೂ ಕಾಣುತ್ತದೆ. ನಾಲ್ಕೈದು ಆಳಿನ ವರ್ಕ್‌ಶಾಪಿನಲ್ಲಿ ಲೇಥು ಓಡಿಸುವವನೇ ವೆಲ್ಡಿಂಗ್ ಮಾಡಬೇಕು, ಟೆಂಪೊ ಬಂದರೆ ಮಾಲು ಏರಿಸಬೇಕು, ಚಲನ್ ಬರೆಯಬೇಕು. ಅಂಥವನಿಗೆ ಈ ಗಾದೆಯ ಮೊದಲರ್ಧ ಹೊಗಳಿಕೆ, ಪೂರ್ತಿ ಹೇಳಿದರೆ ತೆಗಳಿಕೆ.

'ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್.' ಉರುಳುವ ಕಲ್ಲಿಗೆ ಪಾಚಿ ಹತ್ತದು. ವಲಸೆ ಬಂದವರ ಮಕ್ಕಳಿಗೆ ಕಲಿಸುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಈ ಗಾದೆಯ ಹತ್ತಿರ. ಎರಾಸ್ಮಸ್ ಎಂಬ ವಿದ್ವಾಂಸ ಕೂಡಿಸಿದ ಲ್ಯಾಟಿನ್ ನುಡಿಗಳಲ್ಲಿ ಇದು ಇದೆ, ಹೇವುಡ್‌ನ ಸಂಗ್ರಹದಲ್ಲೂ ಇದೆ. ಇಂಗ್ಲಿಷರ ಹಳೆಯ ಅರ್ಥದಲ್ಲಿ ಪಾಚಿ ಒಳ್ಳೆಯದು. ಒಂದೆಡೆ ನಿಂತವನಿಗೆ ಆಸ್ತಿ, ಹೆಸರು, ನಂಟು ಎಲ್ಲ ಕೂಡಿಬರುತ್ತದೆ; ಊರೂರು ತಿರುಗುವವನಿಗೆ ಏನೂ ದಕ್ಕುವುದಿಲ್ಲ. ಈಗ, ಹೆಚ್ಚಾಗಿ ಅಮೆರಿಕದಲ್ಲಿ, ಅರ್ಥ ತಿರುಗಿ ನಿಂತಿದೆ. ಪಾಚಿ ಎಂದರೆ ಜಡ್ಡು, ತುಕ್ಕು, ಚಲಿಸುತ್ತಿರುವವನು ಚುರುಕಾಗಿರುತ್ತಾನೆ. ಗಾದೆಯ ಒಂದಕ್ಷರವೂ ಬದಲಾಗಿಲ್ಲ. ಹೇಳುವವನು ಯಾವ ಬದುಕಿನಿಂದ ಬಂದವನು ಎಂಬುದು ಬದಲಾಯಿತು. ನಮಗೆ ಪಾಚಿ ಎಂದರೆ ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವಂಥದು, ಆದ್ದರಿಂದ ನಮ್ಮ ಮಕ್ಕಳು ಮೊದಲ ಓದಿಗೇ ಎರಡನೆಯ ಅರ್ಥ ಹಿಡಿಯುತ್ತಾರೆ. 'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂಬ ಮಾತು ಬೆನ್ನಿಗಿದೆಯಲ್ಲ.

ತರಗತಿಯಲ್ಲಿ ಒಮ್ಮೆ ಇದರ ಮೇಲೆ ಬಿರುಸಿನ ಚರ್ಚೆ ನಡೆಯಿತು. ಅಪ್ಪ ಇಂಡಿ ತಾಲೂಕಿನ ಹೊಲ ಬಿಟ್ಟು ಬಂದು ಇಲ್ಲಿ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದು ಉರುಳುವಿಕೆಯೋ, ನಿಲ್ಲುವಿಕೆಯೋ? ಗುತ್ತಿಗೆ ಮುಗಿಯಿತೆಂದು ಭೋಸರಿಯಿಂದ ಚಾಕಣಕ್ಕೆ, ಅಲ್ಲಿಂದ ಮತ್ತೊಂದು ಕಡೆಗೆ ಹೋಗಬೇಕಾದವನನ್ನು ಈ ಗಾದೆ ಹೇಳಿ ಹಂಗಿಸಬಹುದೇ? ತಾನಾಗಿ ಉರುಳುವ ಕಲ್ಲಿಗೂ ತಳ್ಳಿಸಿಕೊಂಡು ಉರುಳುವ ಕಲ್ಲಿಗೂ ವ್ಯತ್ಯಾಸ ಇದೆ ಎಂದು ಒಬ್ಬ ಹುಡುಗಿ ಹೇಳಿದಳು. ಇಂಗ್ಲಿಷ್ ಗಾದೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ನನಗೆ ನೆನಪಿಲ್ಲ.

ಪರೀಕ್ಷೆಯಲ್ಲಿ ಗಾದೆಯ ವಿಸ್ತರಣೆ ಕೇಳುತ್ತಾರೆ. ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪತ್ರಿಕೆಯಲ್ಲೂ ಅದು ಉಂಟು. 'ಗಾದೆಗಳು ವೇದಕ್ಕೆ ಸಮಾನ' ಎಂದು ಶುರು ಮಾಡಿ, ಅರ್ಥ ಬರೆದು, ಒಂದು ಕತೆ ಹೇಳಿ ಮುಗಿಸುವ ಮಾದರಿಯನ್ನು ಮಕ್ಕಳು ಉರು ಹೊಡೆಯುತ್ತಾರೆ. ಆ ಪ್ರಶ್ನೆ ಬೇಡ ಎಂದು ನಾನು ಹೇಳುವುದಿಲ್ಲ. ಅದರ ಜೊತೆ ಇನ್ನೊಂದನ್ನು ಸೇರಿಸಿ ಎಂದು ಶಿಕ್ಷಕ ಬಂಧುಗಳನ್ನು ಕೇಳಿಕೊಳ್ಳುತ್ತೇನೆ: ಈ ಗಾದೆಯನ್ನು ಯಾರು ಯಾರಿಗೆ ಹೇಳಬಾರದು, ಏಕೆ? ಹೀಗೆ ಕೇಳಿದರೆ ಉರು ಹೊಡೆದ ಉತ್ತರ ಕೆಲಸಕ್ಕೆ ಬಾರದು.

ನಮ್ಮ ತರಗತಿಯಲ್ಲಿ ಮಕ್ಕಳು ಒಂದು ವಹಿ ಇಟ್ಟಿದ್ದಾರೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್, ಯಾವುದರಲ್ಲಾದರೂ ಗಾದೆ ಕಿವಿಗೆ ಬಿದ್ದರೆ ಬರೆಯಬೇಕು. ಅರ್ಥ ಬರೆಯುವ ಅಗತ್ಯವಿಲ್ಲ. ಯಾರು ಅಂದರು, ಯಾರಿಗೆ, ಏನಾದ ಮೇಲೆ, ಕೇಳಿದವರು ಏನು ಮಾಡಿದರು, ಇಷ್ಟು ಬರೆದರೆ ಸಾಕು. ಮೊನ್ನೆ ಒಬ್ಬ ಹುಡುಗಿ 'ಬೆಟರ್ ಲೇಟ್ ದ್ಯಾನ್ ನೆವರ್' ಎಂದು ಬರೆದು ತಂದಿದ್ದಳು. ಅವಳ ಶಾಲೆಯ ಪಾಲಕರ ಸಭೆಗೆ ಅಪ್ಪ ರಾತ್ರಿ ಪಾಳಿ ಮುಗಿಸಿ, ಬಟ್ಟೆಯನ್ನೂ ಬದಲಿಸದೆ, ಸಭೆ ಮುಗಿಯುವ ಹೊತ್ತಿಗೆ ಬಂದರಂತೆ. ಟೀಚರು ಈ ಮಾತು ಅಂದರಂತೆ. ಅದು ಸ್ವಾಗತವೋ, ಚುಚ್ಚುಮಾತೋ? ತರಗತಿಯಲ್ಲಿ ಅರ್ಧ ಮಕ್ಕಳು ಹಾಗೆ, ಅರ್ಧ ಮಕ್ಕಳು ಹೀಗೆ. ಅಪ್ಪನನ್ನೇ ಕೇಳಿಕೊಂಡು ಬಾ ಎಂದೆ. ಅವರಿಗೆ ಇಂಗ್ಲಿಷ್ ಬಾರದು. ಮರುದಿನ ಆಕೆ ಅವರ ಉತ್ತರವನ್ನು ಅವರ ಮಾತಿನಲ್ಲೇ ವಹಿಯಲ್ಲಿ ಬರೆದುಕೊಂಡು ಬಂದಳು: 'ಅವರು ಏನ್ ಅಂದ್ರೋ ನನಗ ತಿಳೀಲಿಲ್ಲವ್ವ. ಆದ್ರ ಅನ್ನೂವಾಗ ಎದ್ದು ನಿಂತು, ಕುರ್ಚಿ ಎಳದು ಕೊಟ್ರು. ಬೈಯೂದಿದ್ರ ಕುರ್ಚಿ ಯಾಕ ಕೊಡ್ತಿದ್ರು?'